ಹಲ್ಲು ಎಣಿಸದ ವ್ಯಾಪಾರ

"ಹಳೇ ಮಾಲು ಸಾರ್, ಇದಕ್ಕೆಲ್ಲ ಗ್ಯಾರಂಟಿ ಇರಲ್ಲ. ನೋಡಿ ತಗೊಳ್ಳೋದು ನಿಮ್ಮ ಜವಾಬ್ದಾರಿ." ಬೆಂಗಳೂರಿನ ಶಿವಾಜಿನಗರ, ಕುಂಬಾರಗುಂಡಿ, ಚೆನ್ನೈನ ಪುದುಪೇಟೆ, ಕೊಯಮತ್ತೂರಿನ ಉಕ್ಕಡಂ ಹೀಗೆ ಎಲ್ಲೇ ಆಗಲಿ, ಗಾಡಿಯ ಹಳೇ ಬಿಡಿಭಾಗ ಹುಡುಕಿಕೊಂಡು ಹೋದವರು ಈ ಮಾತನ್ನು ಕೇಳಿರುತ್ತಾರೆ. ಕೇಳಿ ತಲೆಯಾಡಿಸಿಯೂ ಇರುತ್ತಾರೆ. ಹೇಳುವವನ ದನಿಯಲ್ಲಿ ಅಳುಕಿಲ್ಲ, ಕೇಳುವವನ ಮುಖದಲ್ಲಿ ಸಿಟ್ಟಿಲ್ಲ. ಇದು ವ್ಯಾಪಾರದ ಧರ್ಮವೆಂದು ಇಬ್ಬರೂ ಒಪ್ಪಿಬಿಟ್ಟಿದ್ದಾರೆ. ಈ ಒಪ್ಪಿಗೆಯೇ ಮೋಸದ ಬುಡ ಎಂಬುದು ನನ್ನ ತಕರಾರು.

ಮಾತು ಗಾಳಿಗೆ ಹೋಗಬಾರದೆಂದು ಒಂದೇ ವಸ್ತುವನ್ನು ಎದುರಿಗಿಟ್ಟುಕೊಳ್ಳುತ್ತೇನೆ. ರೇಸು, ರ್‍ಯಾಲಿ ಎಂದು ಓಡಿದ ಕಾರುಗಳಿಂದ ಬಿಚ್ಚಿ ಮಾರುವ ಹಳೇ ಡಿಫರೆನ್ಷಿಯಲ್. ಎಂಜಿನ್ನಿನ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ, ತಿರುವಿನಲ್ಲಿ ಅವೆರಡೂ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಗಳ ಗೂಡು ಅದು. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ಕನ್ನಡಿಗರಿಗೆ ದಿಂಬಂ ಘಾಟಿಯ 27 ತಿರುವುಗಳನ್ನು ಪರಿಚಯಿಸಬೇಕಿಲ್ಲ. ಚಕ್ರಗಳ ನಡುವೆ 1.3 ಮೀಟರ್ ಅಂತರವಿರುವ ಗಾಡಿ ಅಂಥದೊಂದು ತಿರುವನ್ನು ಪೂರ್ತಿ ಸುತ್ತುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4 ಮೀಟರ್ ಹೆಚ್ಚು ಓಡಬೇಕು. ಘಾಟಿ ಮುಗಿಯುವಷ್ಟರಲ್ಲಿ 100 ಮೀಟರಿಗೂ ಮಿಕ್ಕ ವ್ಯತ್ಯಾಸವನ್ನು ಈ ಗೂಡು ಸದ್ದಿಲ್ಲದೆ ಸರಿದೂಗಿಸಿರುತ್ತದೆ. ಸರಿದೂಗಿಸುವ ಬದಲು ಒಳಗೆ ಹಲ್ಲು ಮುರಿದು ಕಚ್ಚಿಕೊಂಡರೆ? ಚಕ್ರ ಹಿಡಿದುಕೊಳ್ಳುತ್ತದೆ, ಗಾಡಿ ಜಾರುತ್ತದೆ, ಎದುರಿನಿಂದ ತುಂಬಿದ ಲಾರಿಯೊಂದು ಹತ್ತಿ ಬರುತ್ತಿರುತ್ತದೆ. ಆ ಲಾರಿಯವನು ಯಾವ ಗುಜರಿ ಅಂಗಡಿಯಲ್ಲಿ ನಿಂತು "ಸರಿ, ಗ್ಯಾರಂಟಿ ಬೇಡ" ಎಂದು ತಲೆಯಾಡಿಸಿದ್ದ?

ಇಬ್ಬರ ನಡುವಿನ ಕೊಡುಕೊಳ್ಳುವಿಕೆ, ಮೂರನೆಯವರಿಗೇನು ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಪರೀಕ್ಷಿಸಿ ಕೊಳ್ಳುವುದು ನಮಗೆ ಗೊತ್ತಿಲ್ಲದ್ದೇನಲ್ಲ. ತಿರುಪ್ಪೂರು ಜಿಲ್ಲೆಯ ಕುನ್ನತ್ತೂರಿನ ಸುತ್ತಿನದು ಕಾಂಗೇಯಂ ದನಗಳಿಗೆ ಹೆಸರಾದ ಕೊಂಗು ಸೀಮೆ. ಇಲ್ಲಿನ ರೈತ ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡದೆ ಹಗ್ಗಕ್ಕೆ ಕೈ ಹಾಕುವುದಿಲ್ಲ. ನಡೆಸಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಸುಳಿ ನೋಡುತ್ತಾನೆ. ಮಾರುವವನು "ಹಳೇ ಎತ್ತು, ಬಾಯಿ ಬಿಡಿಸಬೇಡ" ಎಂದರೆ ಸಂತೆಯೇ ನಗುತ್ತದೆ. ಅದೇ ರೈತನ ಮಗ ಕೊಯಮತ್ತೂರಿಗೆ ಹೋಗಿ, ಮೈತುಂಬ ಹಲ್ಲುಗಳಿರುವ ಕಬ್ಬಿಣದ ಗೂಡನ್ನು ಒಂದೂ ಹಲ್ಲು ಎಣಿಸದೆ ಕೊಂಡು, ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹಾಕಿಕೊಂಡು ಬರುತ್ತಾನೆ. ಅಪ್ಪನಿಗಿದ್ದ ಬುದ್ಧಿ ಮಗನಿಗೆ ಏಕಿಲ್ಲ? ಬುದ್ಧಿ ಇದೆ. "ಹಳೇ ಮಾಲು ಹೀಗೇ" ಎಂಬ ಮಾತು ಆ ಬುದ್ಧಿಗೆ ಬೀಗ ಹಾಕಿದೆ.

ಎಣಿಸಿದರೆ ಏನು ಸಿಗುತ್ತದೆ ಎನ್ನುವವರಿಗೆ ಜಿಪ್ಸಿಯ ಉದಾಹರಣೆ ಸಾಕು. ಮಾರುತಿ ಜಿಪ್ಸಿ ನಮ್ಮ ರ್‍ಯಾಲಿ ಹುಡುಗರ ಮೊದಲ ಪ್ರೀತಿ. 1985ರಲ್ಲಿ ಬಂದ ಗಾಡಿ, ಈಗ ಹೊಸದು ಸಿಗುವುದಿಲ್ಲ. ಹಾಗಾಗಿ ಬಿಡಿಭಾಗವೆಂದರೆ ಬಹುಮಟ್ಟಿಗೆ ಹಳೆಯದೇ. ಈ ಸುಝುಕಿ ಬಳಗದ ಗಾಡಿಗಳಲ್ಲಿ ದೊಡ್ಡ ಗೇರಾದ ಕ್ರೌನ್ ವೀಲಿಗೆ 37, ಅದನ್ನು ತಿರುಗಿಸುವ ಚಿಕ್ಕ ಗೇರಾದ ಪಿನಿಯನ್ನಿಗೆ 9 ಹಲ್ಲು ಇರುವ ಜೋಡಿಯಿದೆ; ಅನುಪಾತ 4.11. 41ಕ್ಕೆ 11 ಇರುವ ಜೋಡಿಯೂ ಇದೆ, ಅನುಪಾತ 3.73. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ಆಕ್ಸಲಿನಿಂದ ಹೊರಗೆಳೆದು ಬೆಂಚಿನ ಮೇಲಿಟ್ಟರೆ ಹಲ್ಲು ಕಣ್ಣೆದುರೇ ಇರುತ್ತದೆ, ಚಾಕ್‌ಪೀಸಿನಲ್ಲಿ ಒಂದು ಗುರುತು ಹಾಕಿ ಎಣಿಸಿದರೆ ಎರಡು ನಿಮಿಷದ ಕೆಲಸ. ಎಣಿಸದೆ ಹಿಂದಿನ ಆಕ್ಸಲಿಗೆ ಒಂದು, ಮುಂದಿನದಕ್ಕೆ ಇನ್ನೊಂದು ಬಿದ್ದರೆ, ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇಕಡ 10ರಷ್ಟು ಬೇರೆ ವೇಗದಲ್ಲಿ ತಿರುಗಲು ಹೊರಡುತ್ತದೆ. ಕೆಸರಿನಲ್ಲಾದರೆ ಟೈರು ಜಾರಿ ಬಚಾವಾದೀತು. ಗಟ್ಟಿ ನೆಲದಲ್ಲಿ ಆ ಜಗಳವೆಲ್ಲ ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಎರಡೂ ಕಡೆ ತಪ್ಪು ಜೋಡಿಯೇ ಬಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. 4.11 ಇರಬೇಕಾದ ಗಾಡಿಗೆ 3.73 ಹಾಕಿಸಿಕೊಂಡವನು ಮುಳ್ಳು 60 ತೋರಿಸುವಾಗ 66ರಲ್ಲಿ ಓಡುತ್ತಿರುತ್ತಾನೆ. ಇಷ್ಟು ಅನರ್ಥಕ್ಕೆ ಕಾರಣ ಏನು? ಎರಡು ನಿಮಿಷದ ಸೋಮಾರಿತನ.

ಈ ಸೋಮಾರಿತನ ಯಾವ ಊರಿನಲ್ಲಿ ನಡೆಯುತ್ತಿದೆ ಎಂಬುದನ್ನಾದರೂ ನೋಡಿ. ಕೊಯಮತ್ತೂರು ಪಂಪು, ಮೋಟಾರು, ಗಿರಣಿಯಂತ್ರಗಳ ಊರು. ಆವಿಷ್ಕಾರಕ ಜಿ. ಡಿ. ನಾಯ್ಡು ಅವರ ಊರು. ಲಕ್ಷ್ಮಿ ಮಿಲ್ಸ್ ಮನೆತನದ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ನನ್ನು ಬೆನ್ನಿಗಿಟ್ಟು ಫಾರ್ಮುಲಾ ಮಾರುತಿ ಕಾರು ಕಟ್ಟಿ, ಕಾಸಿಲ್ಲದವರಿಗೂ ರೇಸಿನ ಬಾಗಿಲು ತೆರೆದ ಊರು. 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ಚೆಟ್ಟಿಪಾಳೆಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಇದೇ ಊರಿನವರು. ಲೇತಿನ ಮುಂದೆ ನಿಂತು ಮಿಲಿಮೀಟರಿನ ನೂರನೇ ಭಾಗಕ್ಕೆ ತಕರಾರು ಮಾಡುವ ಕೆಲಸಗಾರರು ಇಲ್ಲಿ ಬೀದಿಬೀದಿಯಲ್ಲಿದ್ದಾರೆ. ಅಂಥ ಊರಿನಲ್ಲಿ ನಿಂತು "ಒಳಗೆ ಹೇಗಿದೆಯೋ ಯಾರಿಗೆ ಗೊತ್ತು ಸಾರ್" ಎನ್ನಲು ನಾಚಿಕೆಯಾಗಬೇಡವೇ? ಕ್ರೌನು ಪಿನಿಯನ್ನಿನ ನಡುವಿನ ಸಡಿಲ, ಮೆಕ್ಯಾನಿಕ್ಕುಗಳು ಪ್ಲೇ ಎನ್ನುತ್ತಾರಲ್ಲ ಅದು, ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟಿರಬೇಕು. ಅಳೆಯಲು ಬೇಕಾದದ್ದು ಒಂದು ಡಯಲ್ ಗೇಜು. ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತಿದೆ ಎಂದು ನೋಡಲು ಒಂದು ಡಬ್ಬಿ ನೀಲಿ ಬಣ್ಣ. ಬಳಿದು ತಿರುಗಿಸಿದರೆ ಗುರುತು ಹಲ್ಲಿನ ನಡುವೆ ಬಿದ್ದಿದೆಯೋ ಅಂಚಿಗೆ ಸರಿದಿದೆಯೋ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಇಂಜಿನಿಯರಿಂಗ್ ಪದವಿ ಬೇಡ. ಗೊತ್ತಿಲ್ಲ ಎನ್ನುವವನಿಗೆ ನಿಜವಾಗಿ ಗೊತ್ತಾಗುವುದು ಬೇಡವಾಗಿದೆ, ಅಷ್ಟೆ. ಗೊತ್ತಾದರೆ ಹೇಳಬೇಕಾಗುತ್ತದಲ್ಲ!

ಗೊತ್ತಿರುವವರ ಕಥೆ ಇನ್ನೂ ಸೊಗಸು. ಅಂಗಡಿಯೊಂದರಲ್ಲಿ ಗೋಣಿಯ ಮೇಲೆ ಕುಳಿತಿದ್ದ ಡಿಫರೆನ್ಷಿಯಲ್ಲಿಗೆ ಕಪ್ಪು ಬಣ್ಣ ಬಳಿದಿದ್ದರು. ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಅಂಟುತ್ತಿತ್ತು. ಪಿನಿಯನ್ನಿನ ಸೀಲಿನ ಹತ್ತಿರ ಮಾತ್ರ ಆ ಬಣ್ಣ ನಿಲ್ಲದೆ ಸುಕ್ಕುಗಟ್ಟಿತ್ತು, ಕೆಳಗಿನಿಂದ ಎಣ್ಣೆ ಜಿನುಗುತ್ತಿತ್ತಲ್ಲ. "ರೇಸ್ ಕಾರಿಂದು ಅಣ್ಣಾ, ಸುಮ್ನೆ ಅಲ್ಲ" ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ನನಗೆ ಎಂದೂ ಅರ್ಥವಾಗದ ತರ್ಕ ಇದು. ಬೇರೆಲ್ಲ ವಸ್ತು ಹೆಚ್ಚು ಬಳಸಿದಷ್ಟೂ ಬೆಲೆ ಇಳಿಯುತ್ತದೆ. ಇದೊಂದು ಮಾತ್ರ ಎಷ್ಟು ಹೊಡೆಸಿಕೊಂಡಿದೆಯೋ ಅಷ್ಟು ದುಬಾರಿ! ರೇಸಿನಲ್ಲಿ ಕ್ಲಚ್ ಬಿಟ್ಟು ಹಾರಿಸುವ ಒಂದೊಂದು ಸ್ಟಾರ್ಟಿನಲ್ಲೂ ಪಿನಿಯನ್ನಿನ ಮೇಲೆ ಬೀಳುವ ಹೊಡೆತವನ್ನು ಪೇಟೆ ರಸ್ತೆಯ ಕಾರು ಎಂದೂ ಕಂಡಿರುವುದಿಲ್ಲ. ರೇಸಿನ ಗಾಡಿಯದೆಂದರೆ ಇನ್ನಷ್ಟು ಅನುಮಾನದಿಂದ ಬಿಚ್ಚಿ ನೋಡಬೇಕು. ನಾವು ಇನ್ನಷ್ಟು ಭಕ್ತಿಯಿಂದ ದುಡ್ಡು ಎಣಿಸುತ್ತೇವೆ.

ಬಣ್ಣ ಬಳಿಯುವುದು ಈ ಕಸುಬಿನ ಶಿಶುವಿಹಾರ. ಗೊರ್ರೆನ್ನುವ ಡಿಫರೆನ್ಷಿಯಲ್ಲಿಗೆ 90ರ ಬದಲು 140ರ ದಪ್ಪ ಗೇರ್ ಆಯಿಲ್ ಹಾಕಿದರೆ ಟೆಸ್ಟ್ ಡ್ರೈವ್ ಮುಗಿಯುವವರೆಗೆ ಸುಮ್ಮನಿರುತ್ತದೆ. ಮರದ ಹೊಟ್ಟು ಹಾಕಿ ಬಾಯಿ ಮುಚ್ಚಿಸುವ ಉಪಾಯ ಜಗತ್ತಿನ ಎಲ್ಲ ಮೂಲೆಯ ಹಳೇ ಗಾಡಿ ದಲ್ಲಾಳಿಗಳಿಗೂ ಗೊತ್ತು. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ವೆಲ್ಡಿಂಗು. ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೆ ಶಕ್ತಿ ಉಳಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ಲಿಗೆ ಒಳ್ಳೇ ಬೆಲೆಯಿದೆ. ಆದ್ದರಿಂದ ಸಾಧಾರಣ ಡಿಫರೆನ್ಷಿಯಲ್ಲಿನ ಒಳಗಿನ ಸ್ಟಾರ್ ಗೇರುಗಳನ್ನೇ ವೆಲ್ಡ್ ಮಾಡಿ ಅಂಟಿಸಿ, "ಎಲ್‌ಎಸ್‌ಡಿ ಇದು" ಎಂದು ದಾಟಿಸಿಬಿಡಬಹುದು. ಗಿರಾಕಿಗೆ ಪರೀಕ್ಷೆಯನ್ನೂ ಮಾಡಿ ತೋರಿಸುತ್ತಾರೆ: ಒಂದು ಕಡೆ ತಿರುಗಿಸು, ಇನ್ನೊಂದು ಕಡೆಯೂ ಅದೇ ದಿಕ್ಕಿಗೆ ತಿರುಗಿತು ನೋಡು! ಸಾಧಾರಣದ್ದಾದರೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಅದು ನಿಜ. ಆದರೆ ವೆಲ್ಡ್ ಮಾಡಿದ್ದೂ ಅದೇ ದಿಕ್ಕಿಗೇ ತಿರುಗುತ್ತದೆ. ಟಾರ್ಕ್ ರೆಂಚ್ ಹಾಕಿ ಎಷ್ಟು ಬಲಕ್ಕೆ ಜಾರುತ್ತದೆ ಎಂದು ನೋಡಬೇಕು, ಇಲ್ಲವೇ ಮುಚ್ಚಳ ಬಿಚ್ಚಬೇಕು. ಬಿಚ್ಚಿ ಎಂದು ಕೇಳಿದರೆ "ಸೀಲ್ ಹೋಗುತ್ತೆ ಸಾರ್" ಎಂಬ ಉತ್ತರ ತಯಾರಿರುತ್ತದೆ. ಹಿಂದಿನ ಮುಚ್ಚಳಕ್ಕೆ ಬೇಕಾದದ್ದು ಒಂದು ಗ್ಯಾಸ್ಕೆಟ್, ಅದೂ ಇಲ್ಲದಿದ್ದರೆ ಒಂದಿಷ್ಟು ಪೇಸ್ಟು. ಎರಡೂ ಚಕ್ರ ಒಂದಕ್ಕೊಂದು ಬಿಗಿದುಕೊಂಡ ಇಂಥ ಗಾಡಿಯನ್ನು ದಿಂಬಂ ಘಾಟಿಯಲ್ಲಿ ಮಳೆಯ ದಿನ ಇಳಿಸುವವನ ಗತಿ ಏನು ಎಂದು ಪೇಸ್ಟು ಉಳಿಸಿದವನು ಯೋಚಿಸಿದ್ದಾನೆಯೇ?

ಈಗ ಅವರ ದೊಡ್ಡ ಗುರಾಣಿಗೆ ಬರೋಣ: "ಕಾನೂನೇ ಹಾಗಿದೆ." ಇಲ್ಲ, ಕಾನೂನು ಹಾಗಿಲ್ಲ. 1930ರ ಸರಕು ಮಾರಾಟ ಕಾಯ್ದೆ ಹಳೆಯದು, ಹೊಸದು ಎಂದು ಮಾಲಿಗೆ ಎರಡು ಜಾತಿ ಮಾಡಿಲ್ಲ. ಮಾರುವವನಿಗೆ ಮಾರುವ ಹಕ್ಕಿರಬೇಕು ಎಂದು ಅದರ 14ನೇ ಕಲಮು ಹೇಳುತ್ತದೆ. ಹೇಳಿದ ವಿವರಣೆಗೆ ಮಾಲು ಹೊಂದಬೇಕು ಎಂದು 15ನೆಯದು. ಕೊಳ್ಳುವವನು ನೋಡಿ ಕೊಳ್ಳಬೇಕೆಂಬ ತತ್ವ 16ನೇ ಕಲಮಿನಲ್ಲಿದೆ, ಆದರೆ ಅದರ ಬೆನ್ನಿಗೇ ವಿನಾಯಿತಿಗಳೂ ಇವೆ. ಅಂಥ ಮಾಲಿನ ವ್ಯಾಪಾರವನ್ನೇ ಮಾಡುವವನಿಂದ ವಿವರಣೆ ನಂಬಿ ಕೊಂಡಾಗ ಅದು ಮಾರಾಟಯೋಗ್ಯವಾಗಿರಬೇಕು. ಕೊಳ್ಳುವವನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಮಾತ್ರ ಮಾರುವವನು ಹೊಣೆಯಲ್ಲ. ಮುಚ್ಚಳ ಬಿಚ್ಚಲು ಬಿಡದೆ ತೋರಿಸಿದ ಗೂಡಿನ ಒಳಗಿನ ದೋಷ ಯಾವ ಪರೀಕ್ಷೆಯಲ್ಲಿ ಕಾಣಬೇಕಿತ್ತು? ಇನ್ನು ಗೊತ್ತಿರುವುದನ್ನು ಬೇಕೆಂದೇ ಮುಚ್ಚಿಡುವುದಕ್ಕೆ 1872ರ ಕರಾರು ಕಾಯ್ದೆಯ 17ನೇ ಕಲಮು ಇಟ್ಟಿರುವ ಹೆಸರು ವಂಚನೆ. ಹೊಟ್ಟು ತುಂಬುವುದು, ಸೋರಿಕೆಯ ಮೇಲೆ ಬಣ್ಣ ಬಳಿಯುವುದು ಮುಚ್ಚಿಡುವುದಲ್ಲದೆ ಮತ್ತೇನು? ಹೌದು, ಎರಡೂ ಕಡೆಯವರು ಸ್ಪಷ್ಟವಾಗಿ ಒಪ್ಪಿ ಕೆಲವು ಹೊಣೆಗಳನ್ನು ಕಳಚಿಕೊಳ್ಳಬಹುದು. ಹಾಗಾದರೆ "ಗ್ಯಾರಂಟಿ ಇಲ್ಲ" ಎಂದು ಬಿಲ್ಲಿನಲ್ಲಿ ಬರೆದುಕೊಡಿ ನೋಡೋಣ. ಬಿಲ್ಲೇ ಇಲ್ಲ!

ಬಿಲ್ಲು ಏಕಿಲ್ಲ ಎಂದು ಕೇಳಿದರೆ ತೆರಿಗೆಯ ಗೋಳು ಶುರು. 18 ಪರ್ಸೆಂಟ್ ಕಟ್ಟಿದರೆ ಬಡವ ಬದುಕುವುದು ಹೇಗೆ? ಈ ಗೋಳಿಗೆ ಪತ್ರಕರ್ತರೂ ಕಣ್ಣೀರು ಹಾಕುತ್ತಾರೆ. ಆದರೆ ಹಳೇ ಮಾಲಿನ ವ್ಯಾಪಾರಿಗೆ ಜಿಎಸ್‌ಟಿ ನಿಯಮಗಳ 32(5)ರಲ್ಲಿ ಬೇರೆಯೇ ದಾರಿಯಿದೆ. ಇನ್‌ಪುಟ್ ತೆರಿಗೆಯ ಲಾಭ ಪಡೆಯದಿದ್ದರೆ, ಮಾಲಿನ ಸ್ವರೂಪ ಬದಲಿಸದಿದ್ದರೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ ಮಾತ್ರ ತೆರಿಗೆ. 12,000ಕ್ಕೆ ಕೊಂಡು 15,000ಕ್ಕೆ ಮಾರಿದವನು ತೆರಿಗೆ ಕಟ್ಟಬೇಕಾದದ್ದು 3,000ಕ್ಕೆ, ಅಂದರೆ 540 ರೂಪಾಯಿ. ವರ್ಷದ ವಹಿವಾಟು 40 ಲಕ್ಷದೊಳಗಿರುವ ಸಣ್ಣವನಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ಅವನು ಒಂದು ಚೀಟಿಯಲ್ಲಿ ಸಹಿ ಹಾಕಿ ಕೊಟ್ಟರೂ ಸಾಕು. 540 ರೂಪಾಯಿಗೆ ಹೆದರಿ ಇಷ್ಟು ದೊಡ್ಡ ಕತ್ತಲನ್ನು ಕಟ್ಟಿಕೊಂಡಿದ್ದೀರಿ ಎಂದರೆ ನಂಬಲು ನನಗೆ ಕಷ್ಟ.

ಆ ಕತ್ತಲಿನ ನಿಜವಾದ ಉಪಯೋಗ ಬೇರೆ ಇದೆ. ಕದ್ದ ಗಾಡಿ ಇಡಿಯಾಗಿ ಮಾರಾಟವಾಗುವುದು ಕಷ್ಟ, ಕತ್ತರಿಸಿದರೆ ಸುಲಭ. ಎಂಜಿನ್ನಿಗೆ, ಚಾಸಿಗೆ ನಂಬರಿದೆ. ಡಿಫರೆನ್ಷಿಯಲ್ಲಿಗೆ ಯಾವ ಗಾಡಿಯದೆಂದು ಹೇಳುವ ನಂಬರು ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲಿಂದ ಬಂತೆಂದು ಕೇಳಬಾರದೆಂಬ ಮರ್ಯಾದೆ ಇರುವ ಅಂಗಡಿಯಲ್ಲಿ ಕಳ್ಳನೂ ಸಭ್ಯ ಪೂರೈಕೆದಾರನೇ. ಕದ್ದದ್ದೆಂದು ತಿಳಿದು ಮಾತ್ರವಲ್ಲ, ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಅರ್ಧ ಬೆಲೆ, ಬಿಲ್ಲಿಲ್ಲ, ಗಾಡಿ ನಂಬರಿಲ್ಲ, ನಗದು ಮಾತ್ರ. ನಂಬಲು ಇನ್ನೇನು ಕಾರಣ ಬೇಕು? ಸರ್ಕಾರ 2021ರಲ್ಲಿ ನೋಂದಾಯಿತ ಗುಜರಿ ಘಟಕಗಳಿಗೆ ನಿಯಮ ಮಾಡಿತು. ಅಲ್ಲಿಗೆ ಬಂದ ಗಾಡಿ ಕದ್ದದ್ದಲ್ಲ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಬೀದಿಯ ಗುಜರಿ ಸಾಲು ಮಾತ್ರ ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಟಾರ್ಪಾಲು ಹಾಸಿಕೊಂಡು ಕೂತಿದೆ.

ಮಾರುವವರನ್ನೇ ಬೈದು ಮುಗಿಸಿದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ಕೊಳ್ಳುವ ನಮ್ಮ ಶೋಕಿಲಾಲರು ಕಡಿಮೆಯೇ? ಬಿಲ್ಲು ಬೇಡ ಎಂದು ತಾವೇ ಹೇಳಿ ಸಾವಿರ ಇಳಿಸಿಕೊಳ್ಳುತ್ತಾರೆ. ಅರ್ಧ ಬೆಲೆಗೆ ಹೊಡೆದೆ ಎಂದು ಗೆಳೆಯರ ಮುಂದೆ ಮೀಸೆ ತಿರುವುತ್ತಾರೆ. ಎರಡು ಲಕ್ಷದ ಹಳೇ ಕಾರು ಕೊಳ್ಳುವಾಗ ಆರ್‌ಸಿ, ಇನ್ಶೂರೆನ್ಸ್, ಎನ್‌ಒಸಿ ಎಂದು ಹತ್ತು ಕಾಗದ ಕೇಳುವ ಇದೇ ಜನ, ಅದೇ ಕಾರನ್ನು ತುಂಡು ತುಂಡಾಗಿ ಕೊಳ್ಳುವಾಗ ಒಂದು ಚೀಟಿಯನ್ನೂ ಕೇಳುವುದಿಲ್ಲ. ಆಮೇಲೆ ಮೂರೇ ದಿನಕ್ಕೆ ಹಿಂದಿನಿಂದ ಗೊರಗೊರ ಶುರುವಾದಾಗ ಮೆಕ್ಯಾನಿಕ್ಕಿನ ಮೇಲೆ ಹಾರಾಡುತ್ತಾರೆ. ಕ್ರೌನು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಜೋಡಿ ಒಡೆದು ಒಂದು ಅಲ್ಲಿಂದ ಒಂದು ಇಲ್ಲಿಂದ ತಂದರೆ ಯಾವ ಮೇಸ್ತ್ರಿ ಎಷ್ಟು ಶಿಮ್ (ತೆಳು ಬಿಲ್ಲೆ) ಹಾಕಿದರೂ ಅದು ಕೂಗುತ್ತಲೇ ಇರುತ್ತದೆ ಎಂಬುದು ಪಾಪ ಆ ಮೆಕ್ಯಾನಿಕ್ಕಿಗೆ ಗೊತ್ತು. ಆದರೆ ಮೂರು ದಿನದ ಕೂಲಿ ಹೋಗುವುದು ಅವನದೇ.

ಇನ್ನೂ ಒಬ್ಬನಿಗೆ ನಷ್ಟವಿದೆ, ಅವನ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿಯತ್ತಿನ ಗುಜರಿ ವ್ಯಾಪಾರಿ. ಇಂಥವರು ಇದ್ದಾರೆ. ತೊಳೆದು, ಬಿಚ್ಚಿ, ಬೇರಿಂಗ್ ಬದಲಿಸಿ ಇಡುವವರು, "ಇದು ಬೇಡ ಸ್ವಾಮಿ, ನಿಮ್ಮ ಗಾಡಿಗೆ ಆಗಲ್ಲ" ಎಂದು ಬಂದ ಗಿರಾಕಿಯನ್ನು ವಾಪಸ್ ಕಳಿಸುವವರು. ಅವರು ಹೆಚ್ಚು ಬೆಲೆ ಕೇಳಲೇಬೇಕಾಗುತ್ತದೆ. ಪಕ್ಕದ ಅಂಗಡಿಯ ಬಣ್ಣ ಬಳಿದ ಮಾಲಿಗೂ ಇವರ ಮಾಲಿಗೂ ಹೊರಗಿನಿಂದ ವ್ಯತ್ಯಾಸ ಕಾಣದಾಗ ಗಿರಾಕಿ ಎಲ್ಲಿಗೆ ಹೋಗುತ್ತಾನೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದದ್ದು ಇದನ್ನೇ, ಅದೂ ಹಳೇ ಕಾರುಗಳ ಉದಾಹರಣೆಯಿಂದಲೇ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಾಗದ ಪೇಟೆಯಲ್ಲಿ ಒಳ್ಳೆಯ ಮಾಲು ಮೆಲ್ಲಗೆ ಜಾಗ ಖಾಲಿ ಮಾಡುತ್ತದೆ, ಕೆಟ್ಟದ್ದು ಉಳಿಯುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಗುಜರಿ ಸಾಲುಗಳಿಗೆ ಬುದ್ಧಿ ಬರಲಿಲ್ಲ. ಅಮೆರಿಕದ ಗುಜರಿ ಯಾರ್ಡುಗಳು ಹಳೇ ಭಾಗಕ್ಕೆ ಗಾಡಿ ಓಡಿದ ಮೈಲಿ ನೋಡಿ ಎ, ಬಿ, ಸಿ ಎಂದು ದರ್ಜೆ ಬರೆದು ಮಾರುತ್ತವೆ. ಅಲ್ಲಿನವರು ಸಂತರೆಂದು ಇದರ ಅರ್ಥವಲ್ಲ. ದರ್ಜೆ ಬರೆದರೆ ಬೆಲೆ ಸಿಗುತ್ತದೆಂಬ ಲೆಕ್ಕ ಅವರಿಗೆ ಹತ್ತಿದೆ.

ಹಳೇ ಬಿಡಿಭಾಗ ಬೇಡವೆಂದು ನಾನು ಹೇಳುತ್ತಿಲ್ಲ. ಶೋರೂಮಿನವರು ಹೇಳುವ "ಹೊಸದೇ ಹಾಕಿಸಿ" ಉಪದೇಶ ದುಡ್ಡಿದ್ದವರಿಗೆ. ಹಳೆಯದು ಬೇಕು, ರೇಸಿನ ಹುಡುಗರಿಗೆ ಬೇಕು, ತಾಳವಾಡಿಯ ಜೀಪಿನವರಿಗೆ ಬೇಕು. ಬೇಕಾದ ವಸ್ತುವಾದ್ದರಿಂದಲೇ ಅದನ್ನು ಕತ್ತಲಲ್ಲಿ ಮಾರಬಾರದು. ವ್ಯಾಪಾರಿಗಳ ಸಂಘಗಳು ನಾಳೆಯೇ ಒಂದು ಚೀಟಿಯ ನಮೂನೆ ಮಾಡಬಹುದು. ಯಾವ ಗಾಡಿಯಿಂದ ಬಿಚ್ಚಿದ್ದು, ಅದರ ನೋಂದಣಿ ಸಂಖ್ಯೆ ಏನು, ಕ್ರೌನಿಗೆ ಎಷ್ಟು ಹಲ್ಲು, ಪಿನಿಯನ್ನಿಗೆ ಎಷ್ಟು, ಪ್ಲೇ ಎಷ್ಟು, ವೆಲ್ಡಿಂಗ್ ಆಗಿದೆಯೋ ಇಲ್ಲವೋ, ಕೂರಿಸಿ ನೋಡಲು ಎಷ್ಟು ದಿನ. ಅಂಗೈ ಅಗಲದ ಕಾಗದದಲ್ಲಿ ಹಿಡಿಸುವ ವಿಷಯ. ರ್‍ಯಾಲಿ ಕ್ಲಬ್ಬುಗಳು ಹೆಲ್ಮೆಟ್ಟು, ರೋಲ್‌ಕೇಜು ತಪಾಸಣೆ ಮಾಡುವ ಮೇಜಿನಲ್ಲೇ ಆ ಚೀಟಿಯನ್ನೂ ಕೇಳಲಿ. ಒಂದು ಸೀಸನ್ ಕೇಳಿದರೆ ಸಾಕು, ಅಂಗಡಿಗಳಲ್ಲಿ ಡಯಲ್ ಗೇಜು ತಾನಾಗಿ ಕಾಣಿಸಿಕೊಳ್ಳುತ್ತದೆ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮುಚ್ಚಳ ಬಿಚ್ಚಲು ಒಪ್ಪದ ಅಂಗಡಿಯಲ್ಲಿ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ, ಎದ್ದು ಬನ್ನಿ. ಕೊಂಡರೆ ಚೀಟಿ ಬರೆಸಿಕೊಳ್ಳಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಮೋಸವಾದರೆ ಹಣೆಬರಹವೆಂದು ಸುಮ್ಮನಾಗದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕೊಂಡ ಬೆಲೆ 5 ಲಕ್ಷದವರೆಗಿದ್ದರೆ ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ.